ಬೇರೆ ವಾಸವಿರುವ ದಂಪತಿ, ಇಬ್ಬರು ಮಕ್ಕಳು: 2025ರ ಅಮೆರಿಕ ಟ್ಯಾಕ್ಸ್ ರಿಟರ್ನ್‌ನಲ್ಲಿ ಮಕ್ಕಳನ್ನು ಯಾರು ಹಾಕಿಕೊಳ್ಳಬೇಕು?

ಕ್ಯಾರಿ_ಅಕ್ಕ ಕೇಳಿದ್ದು:

ನಮಸ್ಕಾರ. ತಂಗಿಯ ಪರವಾಗಿ ಕೇಳುತ್ತಿದ್ದೇನೆ. ಊರು ನಾರ್ತ್ ಕೆರೊಲಿನಾದ ಕ್ಯಾರಿ. ತಂಗಿ ಎಚ್-4 ಇಎಡಿ (ಎಚ್-1ಬಿ ವೀಸಾದವರ ಸಂಗಾತಿಗೆ ಸಿಗುವ ಕೆಲಸದ ಪರವಾನಗಿ) ಮೇಲೆ ಕೆಲಸ ಮಾಡುತ್ತಾಳೆ, ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯುರಿಟಿ ನಂಬರ್) ಇದೆ, ಸಂಬಳ 62,000 ಡಾಲರ್. ಅವಳ ಗಂಡ ಎಚ್-1ಬಿ, ಸಂಬಳ 1,45,000. 2025ರ ಮಾರ್ಚ್ 1ಕ್ಕೆ ಗಂಡ ಬೇರೆ ಅಪಾರ್ಟ್‌ಮೆಂಟ್‌ಗೆ ಹೋದರು, ಆಮೇಲೆ ಒಟ್ಟಿಗೆ ಇಲ್ಲ. ಡಿವೋರ್ಸ್ ಇನ್ನೂ ಆಗಿಲ್ಲ. ವಕೀಲರ ಮೂಲಕ ಸೆಪರೇಶನ್ ಅಗ್ರಿಮೆಂಟ್‌ಗೆ ಇಬ್ಬರೂ ಸಹಿ ಹಾಕಿದ್ದಾರೆ.

ದೊಡ್ಡವನಿಗೆ 12, ಬೆಂಗಳೂರಿನಲ್ಲಿ ಹುಟ್ಟಿದ್ದು, ಎಚ್-4, ಐಟಿನ್ ನಂಬರ್ (ಎಸ್‌ಎಸ್‌ಎನ್ ಸಿಗದವರಿಗೆ ಕೊಡುವ ತೆರಿಗೆ ಸಂಖ್ಯೆ) ಮಾತ್ರ. ಚಿಕ್ಕವಳಿಗೆ 7, ಇಲ್ಲೇ ಹುಟ್ಟಿದವಳು, ಎಸ್‌ಎಸ್‌ಎನ್ ಇದೆ. ಮಕ್ಕಳು ತಂಗಿಯ ಜೊತೆ. ಶುಕ್ರವಾರ ಮತ್ತು ಶನಿವಾರ ರಾತ್ರಿ ಅಪ್ಪನ ಮನೆ, ಬೇಸಿಗೆ ರಜೆಯಲ್ಲಿ ಎರಡು ವಾರ ಪೂರ್ತಿ ಅಲ್ಲಿ.

ಅಗ್ರಿಮೆಂಟ್‌ನಲ್ಲಿ "ಚಿಕ್ಕ ಮಗುವನ್ನು ತಂದೆ ಕ್ಲೈಮ್ ಮಾಡತಕ್ಕದ್ದು" ಎಂದಿದೆ. ಈಗ ಅವರು "ನನ್ನ ಸಂಬಳ ಜಾಸ್ತಿ, ಇಬ್ಬರನ್ನೂ ನಾನೇ ಹಾಕಿಕೊಳ್ಳುತ್ತೇನೆ, ನೀನು ಸಿಂಗಲ್ ಎಂದು ಫೈಲ್ ಮಾಡು" ಅನ್ನುತ್ತಿದ್ದಾರೆ. ಯಾವುದು ಸರಿ? ಅವಳು ಹೆಡ್ ಆಫ್ ಹೌಸ್‌ಹೋಲ್ಡ್ (ಮಕ್ಕಳೊಂದಿಗೆ ಮನೆ ನಡೆಸುವ ಒಂಟಿ ಪೋಷಕರಿಗೆ ತೆರಿಗೆ ಕಡಿಮೆ ಬೀಳುವ ಸ್ಟೇಟಸ್) ಹಾಕಬಹುದಾ?

ಶಾರ್ಲಟ್_ಇಎ:

ಮೊದಲು "ಸಿಂಗಲ್" ಅನ್ನೋದನ್ನು ಪಕ್ಕಕ್ಕಿಡಿ. ಡಿಸೆಂಬರ್ 31ರಂದು ಕೋರ್ಟ್‌ನ ಡಿವೋರ್ಸ್ ಡಿಕ್ರೀ ಅಥವಾ ಕಾನೂನುಬದ್ಧ ಬೇರ್ಪಡಿಕೆಯ ಡಿಕ್ರೀ ಕೈಯಲ್ಲಿ ಇಲ್ಲದಿದ್ದರೆ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಲೆಕ್ಕದಲ್ಲಿ ಇಡೀ ವರ್ಷ ಮದುವೆಯಾದವರೇ. ವಕೀಲರ ಮುಂದೆ ಸಹಿ ಮಾಡಿದ ಅಗ್ರಿಮೆಂಟ್ ಡಿಕ್ರೀ ಅಲ್ಲ. ನಾರ್ತ್ ಕೆರೊಲಿನಾದಲ್ಲಿ ಡಿವೋರ್ಸ್ ಕೇಳಬೇಕಾದರೆ ಒಂದು ವರ್ಷ ಬೇರೆ ಬೇರೆ ವಾಸ ಮಾಡಿರಬೇಕು. ಹಾಗಾಗಿ ಈ ರಾಜ್ಯದಲ್ಲಿ ಕನಿಷ್ಠ ಒಂದು ವರ್ಷದ ರಿಟರ್ನ್ ಈ ಅಡ್ಡಗೋಡೆ ಮೇಲೆಯೇ ಕೂರುತ್ತದೆ. ನಿಮ್ಮ ತಂಗಿಗೆ ಇರುವ ದಾರಿಗಳು ಮೂರು: ಗಂಡನ ಜೊತೆ ಜಾಯಿಂಟ್, ಮ್ಯಾರೀಡ್ ಫೈಲಿಂಗ್ ಸೆಪರೇಟ್ಲಿ, ಅರ್ಹತೆ ಇದ್ದರೆ ಹೆಡ್ ಆಫ್ ಹೌಸ್‌ಹೋಲ್ಡ್.

ಇನ್ನು ಮಕ್ಕಳು. ಸಂಬಳ ಯಾರದು ಜಾಸ್ತಿ ಎಂದು ಐಆರ್‌ಎಸ್ ಮೊದಲು ಕೇಳುವುದಿಲ್ಲ. ಕೇಳುವುದು ರಾತ್ರಿಗಳ ಲೆಕ್ಕ. ವರ್ಷದ ಮಧ್ಯೆ ಬೇರೆಯಾದವರಿಗೆ, ಬೇರೆಯಾದ ದಿನದಿಂದ ವರ್ಷದ ಕೊನೆಯವರೆಗೆ ಮಗು ಯಾರ ಹತ್ತಿರ ಹೆಚ್ಚು ರಾತ್ರಿ ಮಲಗಿತೋ ಅವರೇ ಕಸ್ಟೋಡಿಯಲ್ ಪೇರೆಂಟ್. ರಾತ್ರಿಗಳು ಸರಿಸಮ ಬಂದರೆ ಮಾತ್ರ ಹೆಚ್ಚು ಎಜಿಐ (ತೆರಿಗೆ ಲೆಕ್ಕದ ಹೊಂದಾಣಿಕೆಯ ನಂತರದ ಒಟ್ಟು ಆದಾಯ) ಇರುವವರು.

ನಿಮ್ಮ ಲೆಕ್ಕ ಹಾಕೋಣ. ಜನವರಿ, ಫೆಬ್ರವರಿ 59 ರಾತ್ರಿ ಎಲ್ಲರೂ ಒಂದೇ ಮನೆ. ಉಳಿದದ್ದು 306. ಮಾರ್ಚ್ 1 ಶನಿವಾರ. ಅಲ್ಲಿಂದ ವರ್ಷಾಂತ್ಯದವರೆಗೆ 44 ಶನಿವಾರ, 43 ಶುಕ್ರವಾರ, ಒಟ್ಟು 87. ಬೇಸಿಗೆಯ 14 ರಾತ್ರಿಗಳಲ್ಲಿ ನಾಲ್ಕು ಈಗಾಗಲೇ ಇದರೊಳಗೆ ಬಂದಿವೆ, ಹೊಸದು 10. ತಂದೆಗೆ 97, ತಾಯಿಗೆ 209. ಒಟ್ಟಿಗಿದ್ದ 59 ಸೇರಿಸಿದರೂ ತಂದೆಗೆ 156, ಅರ್ಧ ವರ್ಷಕ್ಕೆ ಬೇಕಾದ 183 ತಲುಪುವುದಿಲ್ಲ. ಅಂದರೆ ಅವರ ಸ್ವಂತ ಹಕ್ಕಿನಲ್ಲಿ ಒಂದು ಮಗುವನ್ನೂ ಹಾಕಿಕೊಳ್ಳಲು ಬರುವುದಿಲ್ಲ. ತಂಗಿ ಫಾರ್ಮ್ 8332ಕ್ಕೆ (ಮಗುವನ್ನು ಕ್ಲೈಮ್ ಮಾಡುವ ಹಕ್ಕನ್ನು ಇನ್ನೊಬ್ಬ ಪೋಷಕರಿಗೆ ಬಿಟ್ಟುಕೊಡುವ ಫಾರ್ಮ್) ಸಹಿ ಹಾಕಿ ಕೊಟ್ಟರೆ ಮಾತ್ರ.

ರಾತ್ರಿ ಎಣಿಸುವಾಗ ಜನ ಎಡವುವ ಕಡೆಗಳು: ಡಿಸೆಂಬರ್ 31ರ ರಾತ್ರಿ ಹಳೇ ವರ್ಷದ ಲೆಕ್ಕಕ್ಕೆ. ತಾಯಿ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗಿ ಆರು ವಾರ ಇದ್ದರೆ ಅಷ್ಟೂ ತಾಯಿಯ ರಾತ್ರಿಗಳೇ. ಮಕ್ಕಳನ್ನು ಮಾತ್ರ ಮೈಸೂರಿನ ಅಜ್ಜಿ ಮನೆಗೆ ಕಳಿಸಿದ್ದರೆ, ಆ ರಾತ್ರಿ ಮಾಮೂಲಿನಂತೆ ಯಾರ ಹತ್ತಿರ ಇರಬೇಕಿತ್ತೋ ಅವರ ಲೆಕ್ಕಕ್ಕೆ ಹಾಕಬೇಕು. ಪೋಷಕರೊಬ್ಬರು ನೈಟ್ ಶಿಫ್ಟ್ ಮಾಡುವವರಾದರೆ ಅವರ ವಿಷಯದಲ್ಲಿ ರಾತ್ರಿ ಬದಲು ಹಗಲು ಎಣಿಕೆ.

ಹೆಡ್ ಆಫ್ ಹೌಸ್‌ಹೋಲ್ಡ್ ಬೇಕಾದರೆ ಬೇರೆ ಷರತ್ತುಗಳಿವೆ. ಜುಲೈ 1ರಿಂದ ಡಿಸೆಂಬರ್ 31ರವರೆಗೆ ಗಂಡ ಆ ಮನೆಯಲ್ಲಿ ವಾಸ ಮಾಡಿರಬಾರದು, ಮಗುವಿಗೆ ಅರ್ಧ ವರ್ಷಕ್ಕಿಂತ ಹೆಚ್ಚು ಕಾಲ ಅದೇ ಮುಖ್ಯ ಮನೆ ಆಗಿರಬೇಕು, ಮನೆ ನಡೆಸುವ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಆಕೆಯ ದುಡ್ಡೇ ಆಗಿರಬೇಕು. ಮೊದಲ ಎರಡು ನಿಮ್ಮಲ್ಲಿ ಸರಿ ಇವೆ. ಮೂರನೆಯದು ಹೇಗೆ? ಬಾಡಿಗೆ ಯಾರು ಕಟ್ಟುತ್ತಾರೆ?

ಲೆಕ್ಕದ_ಮೇಷ್ಟ್ರು:

ಬಾಡಿಗೆ ಉತ್ತರ ಬರುವವರೆಗೆ ಡಾಲರ್‌ನಲ್ಲಿ ವ್ಯತ್ಯಾಸ ಎಷ್ಟು ನೋಡಿ. 2025ರ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಹಾಕುವ ಮುಂಚೆ ಆದಾಯದಿಂದ ಕಳೆಯುವ ನಿಗದಿತ ಮೊತ್ತ): ಸೆಪರೇಟ್‌ಗೆ 15,750, ಹೆಡ್ ಆಫ್ ಹೌಸ್‌ಹೋಲ್ಡ್‌ಗೆ 23,625, ಜಾಯಿಂಟ್‌ಗೆ 31,500.

ತಂಗಿ ಹೆಡ್ ಆಫ್ ಹೌಸ್‌ಹೋಲ್ಡ್ ಆದರೆ: 62,000ದಲ್ಲಿ 23,625 ಕಳೆದು 38,375. ಮೊದಲ 17,000ಕ್ಕೆ 10%, ಉಳಿದದ್ದಕ್ಕೆ 12%. ತೆರಿಗೆ 4,265. ಸೆಪರೇಟ್ ಆದರೆ 46,250 ಮೇಲೆ 5,312. ವ್ಯತ್ಯಾಸ ಸುಮಾರು 1,047. ಇದು ಮಕ್ಕಳ ಕ್ರೆಡಿಟ್ (ಕಟ್ಟಬೇಕಾದ ತೆರಿಗೆಯಿಂದಲೇ ನೇರ ಕಳೆಯುವ ಮೊತ್ತ) ಕಳೆಯುವ ಮುಂಚಿನ ಲೆಕ್ಕ.

ಗಂಡ ಸೆಪರೇಟ್: 1,29,250 ಮೇಲೆ 23,867.

ಜಾಯಿಂಟ್: 2,07,000ದಲ್ಲಿ 31,500 ಕಳೆದು 1,75,500, ತೆರಿಗೆ 28,438.

ಕೂಡಿಸಿ ನೋಡಿ. ಆಕೆ ಹೆಡ್ ಆಫ್ ಹೌಸ್‌ಹೋಲ್ಡ್, ಅವರು ಸೆಪರೇಟ್: 28,132. ಜಾಯಿಂಟ್‌ಗಿಂತ 306 ಕಡಿಮೆ. "ಜಾಯಿಂಟ್ ಮಾಡಿದರೇ ಯಾವಾಗಲೂ ಲಾಭ" ಅನ್ನುವವರು ಇದನ್ನು ಒಮ್ಮೆ ಹಾಕಿ ನೋಡಲಿ. ರಾಜ್ಯದ ತೆರಿಗೆಯಲ್ಲೂ ಅದೇ ಕಥೆ: ನಾರ್ತ್ ಕೆರೊಲಿನಾದಲ್ಲಿ ಹೆಡ್ ಆಫ್ ಹೌಸ್‌ಹೋಲ್ಡ್‌ಗೆ 19,125, ಸೆಪರೇಟ್‌ಗೆ 12,750. ಆ 6,375ಕ್ಕೆ 4.25% ಅಂದರೆ ಇನ್ನೊಂದು 271 ಡಾಲರ್ ಉಳಿತಾಯ. ಫೆಡರಲ್‌ನಲ್ಲಿ ಯಾವ ಸ್ಟೇಟಸ್ಸೋ ರಾಜ್ಯದಲ್ಲೂ ಅದೇ.

ಇಬ್ಬರೂ ಸೆಪರೇಟ್ ಆದರೆ ಮಾತ್ರ ಕೆಟ್ಟದು: 29,179.

ಮಕ್ಕಳ ಕ್ರೆಡಿಟ್: ಚಿಕ್ಕವಳಿಗೆ 2,200. ದೊಡ್ಡವನಿಗೆ ಎಸ್‌ಎಸ್‌ಎನ್ ಇಲ್ಲದ ಕಾರಣ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ, ಇತರ ಡಿಪೆಂಡೆಂಟ್‌ಗಳ ಕ್ರೆಡಿಟ್ 500 ಮಾತ್ರ. ಇಬ್ಬರ ಆದಾಯವೂ 2,00,000ದ ಒಳಗೆ, ಕಡಿತ ಇಲ್ಲ. ತಂಗಿಗೆ 2,700 ಪೂರ್ತಿ ದಕ್ಕುವಷ್ಟು ತೆರಿಗೆ ಇದೆ. ಹಾಗಾಗಿ ಗಂಡನ ಸಂಬಳ ಜಾಸ್ತಿ ಎಂಬ ಕಾರಣಕ್ಕೆ ಮಗುವನ್ನು ಅವರಿಗೆ ಕೊಟ್ಟರೆ ಎರಡೂ ಮನೆಗೆ ಸೇರಿ ಒಂದು ಸೆಂಟ್ ಕೂಡ ಹೆಚ್ಚು ಉಳಿಯುವುದಿಲ್ಲ. 2,200 ಆ ಜೇಬಿನಿಂದ ಈ ಜೇಬಿಗೆ ಹೋಗುತ್ತದೆ, ಅಷ್ಟೆ. ರಾಜ್ಯದಲ್ಲಿ ಸ್ವಲ್ಪ ನಷ್ಟವೇ. ನಾರ್ತ್ ಕೆರೊಲಿನಾದ ಮಕ್ಕಳ ಡಿಡಕ್ಷನ್ ಫೆಡರಲ್ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಪಡೆದವರಿಗೇ ಸಿಗುವುದು. ಗಂಡನ ಆದಾಯಕ್ಕೆ ಅದು ಸೊನ್ನೆ.

ಕ್ಯಾರಿ_ಅಕ್ಕ:

ತುಂಬಾ ಉಪಕಾರ. ಬಾಡಿಗೆ ವಿಷಯ: ತಂಗಿಯ ಮನೆ ಬಾಡಿಗೆ ತಿಂಗಳಿಗೆ 2,100. ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಗಂಡನೇ ತಮ್ಮ ಖಾತೆಯಿಂದ ನೇರ ಮನೆ ಮಾಲೀಕರಿಗೆ ಕಟ್ಟಿದ್ದಾರೆ. ಜನವರಿ, ಫೆಬ್ರವರಿಯದು ಅವಳ ಖಾತೆಯಿಂದ ಹೋಗಿದೆ. ಕರೆಂಟು, ನೀರು, ದಿನಸಿ ಎಲ್ಲ ಅವಳದೇ. ಇದರಿಂದ ತೊಂದರೆಯೇ?

ಶಾರ್ಲಟ್_ಇಎ:

ತೊಂದರೆಯೇ, ಮೇಡಂ. ಐಆರ್‌ಎಸ್ ಪಬ್ಲಿಕೇಶನ್ 501ರಲ್ಲಿ ಇದಕ್ಕೊಂದು ವರ್ಕ್‌ಶೀಟ್ ಇದೆ. ಎಡಕ್ಕೆ ತಂಗಿ ಕಟ್ಟಿದ್ದು, ಬಲಕ್ಕೆ ಒಟ್ಟು. ಅಂದಾಜಿನಲ್ಲಿ ಹಾಕುತ್ತೇನೆ, ನಿಮ್ಮ ನಿಜವಾದ ಅಂಕಿ ಹಾಕಿಕೊಳ್ಳಿ:

ಬಾಡಿಗೆ 12 ತಿಂಗಳಿಗೆ 25,200. ಕರೆಂಟು, ನೀರು, ಗ್ಯಾಸ್ 2,700. ಮನೆಯಲ್ಲಿ ಉಂಡ ಊಟದ ದಿನಸಿ 9,000. ರೆಂಟರ್ಸ್ ಇನ್ಶೂರೆನ್ಸ್ 240. ಒಟ್ಟು 37,140, ಅರ್ಧ 18,570. ಗಂಡ ಕಟ್ಟಿದ್ದು 21,000. ತಂಗಿಯದು 16,140. ಅರ್ಧಕ್ಕೆ 2,430 ಕಡಿಮೆ. 2025ಕ್ಕೆ ಹೆಡ್ ಆಫ್ ಹೌಸ್‌ಹೋಲ್ಡ್ ಇಲ್ಲ.

ಇದರ ಜೊತೆ ಇನ್ನೊಂದು ಹೋಗುತ್ತದೆ. ಮದುವೆಯಾಗಿ ಬೇರೆ ಫೈಲ್ ಮಾಡುವವರಿಗೆ ಡೇಕೇರ್ ಖರ್ಚಿನ ಕ್ರೆಡಿಟ್, ಅಂದರೆ ಫಾರ್ಮ್ 2441, ಸಿಗಬೇಕಾದರೂ ಇದೇ ಅರ್ಧ ಖರ್ಚಿನ ಪರೀಕ್ಷೆ ಪಾಸಾಗಬೇಕು. 13 ತುಂಬದ ಇಬ್ಬರು ಮಕ್ಕಳ ಆಫ್ಟರ್ ಸ್ಕೂಲ್ ಖರ್ಚು 6,000 ದಾಟಿದ್ದರೆ ಈ ಆದಾಯಕ್ಕೆ 20% ಲೆಕ್ಕದಲ್ಲಿ 1,200 ಡಾಲರ್. ಮಕ್ಕಳ ಕ್ರೆಡಿಟ್ 2,200 ಮತ್ತು 500 ಮಾತ್ರ ಸೆಪರೇಟ್‌ನಲ್ಲೂ ಉಳಿಯುತ್ತವೆ.

ಆದ್ದರಿಂದ ಈ ಒಂದು ವರ್ಷಕ್ಕೆ ಮೇಷ್ಟ್ರ ಲೆಕ್ಕ ತಿರುಗಿತು. ಇಬ್ಬರೂ ಸೆಪರೇಟ್ ಆದರೆ 29,179, ಜಾಯಿಂಟ್ 28,438. ಜಾಯಿಂಟ್‌ನಲ್ಲಿ 740 ಉಳಿತಾಯ, ಡೇಕೇರ್ ಕ್ರೆಡಿಟ್ ಸೇರಿದರೆ 1,940. ಮಾತುಕತೆ ಇನ್ನೂ ನಡೆಯುವ ಸ್ಥಿತಿಯಲ್ಲಿದ್ದರೆ ಜಾಯಿಂಟ್ ಯೋಚಿಸಬಹುದು. ಆದರೆ ಜಾಯಿಂಟ್‌ಗೆ ಸಹಿ ಹಾಕಿದರೆ ಇಡೀ ರಿಟರ್ನ್‌ನ ಬಾಕಿಗೆ ಇಬ್ಬರೂ ಪೂರ್ತಿ ಹೊಣೆ. ಅವರು ಆರ್‌ಎಸ್‌ಯು (ಕಂಪನಿ ಕೊಟ್ಟ ಷೇರು) ಮಾರಿದ್ದನ್ನೋ ಊರಿನ ಎಫ್‌ಡಿ ಬಡ್ಡಿಯನ್ನೋ ಬಿಟ್ಟಿದ್ದರೆ ನೋಟಿಸ್ ತಂಗಿಗೂ ಬರುತ್ತದೆ. ಅನುಮಾನ ಇದ್ದರೆ ಸೆಪರೇಟ್ ಮಾಡಿ. ಸೆಪರೇಟ್ ಆದದ್ದನ್ನು ಮೂರು ವರ್ಷದೊಳಗೆ ತಿದ್ದಿ ಜಾಯಿಂಟ್ ಮಾಡಬಹುದು. ಜಾಯಿಂಟ್ ಮಾಡಿದ್ದನ್ನು ಏಪ್ರಿಲ್ 15ರ ಗಡುವು ದಾಟಿದ ಮೇಲೆ ಸೆಪರೇಟ್ ಮಾಡಲು ಬರುವುದಿಲ್ಲ. ನನ್ನ ಕೇಳಿದರೆ 1,940 ಡಾಲರ್‌ಗಾಗಿ ನಂಬಿಕೆ ಇಲ್ಲದ ರಿಟರ್ನ್‌ಗೆ ಸಹಿ ಹಾಕುವುದು ದುಬಾರಿ.

ಸೆಪರೇಟ್‌ನಲ್ಲಿ ಒಬ್ಬರು ಐಟಮೈಸ್ ಮಾಡಿದರೆ (ನಿಗದಿತ ಮೊತ್ತದ ಬದಲು ಖರ್ಚುಗಳನ್ನು ಒಂದೊಂದಾಗಿ ಕಳೆದರೆ) ಇನ್ನೊಬ್ಬರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸೊನ್ನೆ ಆಗುತ್ತದೆ. ಗಂಡ ಏನು ಮಾಡುತ್ತಿದ್ದಾರೆ ಎಂದು ಫೈಲ್ ಮಾಡುವ ಮುಂಚೆ ಕೇಳಿಕೊಳ್ಳಿ.

2026ಕ್ಕೆ ಸರಿಮಾಡುವುದು ಸುಲಭ. ವರ್ಕ್‌ಶೀಟ್‌ಗೆ ಬರುವುದು ಬಾಡಿಗೆ ಅಥವಾ ಸಾಲದ ಬಡ್ಡಿ, ಪ್ರಾಪರ್ಟಿ ಟ್ಯಾಕ್ಸ್, ಮನೆ ಇನ್ಶೂರೆನ್ಸ್, ರಿಪೇರಿ, ಕರೆಂಟು-ನೀರು, ಮನೆಯ ಊಟ. ಬಟ್ಟೆ, ಶಾಲೆಯ ಫೀಸು, ಆಸ್ಪತ್ರೆ ಬಿಲ್ಲು, ಕಾರು, ಪ್ರವಾಸ, ಲೈಫ್ ಇನ್ಶೂರೆನ್ಸ್ ಬರುವುದಿಲ್ಲ. ಬಾಡಿಗೆಯನ್ನು ತಂಗಿ ತನ್ನ ಸಂಬಳದಿಂದ ಕಟ್ಟಲಿ. ಅವರು ಅದೇ ಮೊತ್ತವನ್ನು ಮಕ್ಕಳ ಹೆಲ್ತ್ ಇನ್ಶೂರೆನ್ಸ್, ಭರತನಾಟ್ಯ ಕ್ಲಾಸು, ಈಜು, ಕಾರಿನ ಕಂತು ಇಂಥದ್ದಕ್ಕೆ ಕೊಡಲಿ. ಒಟ್ಟು ಕೊಡುವ ಹಣ ಅಷ್ಟೇ, ಪರೀಕ್ಷೆ ಮಾತ್ರ ಪಾಸ್.

ಡಬ್ಲಿನ್_ಕನ್ನಡಿಗ:

8332 ಬಗ್ಗೆ ಯಾರೂ ಬಿಡಿಸಿ ಹೇಳಿಲ್ಲ. ಅಗ್ರಿಮೆಂಟ್‌ನಲ್ಲಿ "ತಂದೆ ಕ್ಲೈಮ್ ಮಾಡತಕ್ಕದ್ದು" ಎಂದಿದ್ದರೆ ಐಆರ್‌ಎಸ್‌ಗೆ ಅದು ಬರೀ ಕಾಗದ. 2008ರ ನಂತರದ ಡಿಕ್ರೀ, ಅಗ್ರಿಮೆಂಟ್‌ಗಳ ಹಾಳೆ ಲಗತ್ತಿಸಿದರೆ ಒಪ್ಪುವುದಿಲ್ಲ, ಫಾರ್ಮ್ 8332 ಅಥವಾ ಅದೇ ತಿರುಳಿನ ಪ್ರತ್ಯೇಕ ಕಾಗದವೇ ಬೇಕು. ಅದಿಲ್ಲದೆ ಅವರು ಕ್ಲೈಮ್ ಮಾಡಿದರೆ ಆಡಿಟ್‌ನಲ್ಲಿ ಬೀಳುತ್ತದೆ. ಆದರೆ ತಂಗಿ ಅಗ್ರಿಮೆಂಟ್ ಒಪ್ಪಿಕೊಂಡು ಫಾರ್ಮ್ ಕೊಡದಿದ್ದರೆ ಅವರು ರಾಜ್ಯದ ಕೋರ್ಟಿಗೆ ಹೋಗಬಹುದು. ಎರಡೂ ಬೇರೆ ಬೇರೆ ಬಾಗಿಲು.

ಸಹಿ ಹಾಕುವುದಾದರೆ ಪಾರ್ಟ್ 1 ಮಾತ್ರ, ಮಗಳ ಹೆಸರು ಮತ್ತು 2025 ಎಂದು ಬರೆದು. ಪಾರ್ಟ್ 2 ಮುಂದಿನ ವರ್ಷಗಳಿಗೆ. ಅದರಲ್ಲಿ "ಮುಂದಿನ ಎಲ್ಲ ವರ್ಷ" ಎಂದು ಬರೆಸಿಕೊಳ್ಳುವವರಿದ್ದಾರೆ. ಆಮೇಲೆ ಪಾರ್ಟ್ 3ರಲ್ಲಿ ವಾಪಸ್ ತೆಗೆದುಕೊಳ್ಳಬಹುದು, ಆದರೆ ಈ ವರ್ಷ ನೋಟಿಸ್ ಕೊಟ್ಟರೆ ಜಾರಿಯಾಗುವುದು ಮುಂದಿನ ವರ್ಷದ ರಿಟರ್ನ್‌ನಿಂದ. ಸರ್ಟಿಫೈಡ್ ಮೇಲ್ ರಸೀದಿ ಇಟ್ಟುಕೊಳ್ಳಬೇಕು.

ಈ ಫಾರ್ಮ್‌ನಿಂದ ಗಂಡನಿಗೆ ಹೋಗುವುದು ಆ ಮಗುವಿನ 2,200 ಅಥವಾ 500 ಮಾತ್ರ. ಹೆಡ್ ಆಫ್ ಹೌಸ್‌ಹೋಲ್ಡ್, ಡೇಕೇರ್ ಕ್ರೆಡಿಟ್, ಅರ್ನ್ಡ್ ಇನ್‌ಕಮ್ ಕ್ರೆಡಿಟ್ (ಕಡಿಮೆ ಸಂಬಳದವರಿಗೆ ಸಿಗುವ ಕ್ರೆಡಿಟ್) ಯಾವುದೂ ಹೋಗುವುದಿಲ್ಲ. ಅವು ಮಗು ಮಲಗುವ ಮನೆಗೆ ಅಂಟಿಕೊಂಡಿವೆ. ಮುಂದಿನ ವರ್ಷ ತಂಗಿ 8332 ಕೊಟ್ಟರೂ ಹೆಡ್ ಆಫ್ ಹೌಸ್‌ಹೋಲ್ಡ್ ಹಾಕಬಹುದು, 1040ರಲ್ಲಿ (ಮುಖ್ಯ ರಿಟರ್ನ್ ಫಾರ್ಮ್) ಸ್ಟೇಟಸ್ ಪಕ್ಕದಲ್ಲಿ ಮಗುವಿನ ಹೆಸರು ಬರೆದರೆ ಆಯಿತು.

ಗಂಡನ ಕಂಪನಿಯಲ್ಲಿ ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ (ಡೇಕೇರ್ ಖರ್ಚಿಗೆ ಸಂಬಳದಿಂದ ತೆರಿಗೆ ಇಲ್ಲದೆ ಹಣ ಎತ್ತಿಡುವ ಖಾತೆ) ತೆಗೆದಿದ್ದರೆ ಎಚ್ಚರ. ಸೆಪರೇಟ್ ಫೈಲ್ ಮಾಡುವ, ಕಸ್ಟೋಡಿಯಲ್ ಅಲ್ಲದ ಪೇರೆಂಟ್‌ಗೆ ಆ ಹಣದ ವಿನಾಯಿತಿ ಇಲ್ಲ, 2441ರಿಂದ 1040ರ ಸಾಲು 1ಇಗೆ ಆದಾಯವಾಗಿ ಬಂದು ಕೂರುತ್ತದೆ. ಡಬ್ಲ್ಯು-2ರ (ಕಂಪನಿ ಕೊಡುವ ವರ್ಷದ ಸಂಬಳದ ಪತ್ರ) ಬಾಕ್ಸ್ 10 ನೋಡಿಕೊಳ್ಳಲಿ.

ತಂಗಿಗೆ ಇರುವಂಥ ಇಎಡಿ ಇಲ್ಲದೆ ಐಟಿನ್ ಮಾತ್ರ ಇರುವ ಅಮ್ಮಂದಿರಿಗೆ ಒಂದು ಮಾತು. 2025ರಿಂದ ಕ್ರೆಡಿಟ್ ಕೇಳುವವರಿಗೂ ಕೆಲಸಕ್ಕೆ ಮಾನ್ಯವಾದ ಎಸ್‌ಎಸ್‌ಎನ್ ಬೇಕು, ಜಾಯಿಂಟ್ ಆದರೆ ಇಬ್ಬರಲ್ಲಿ ಒಬ್ಬರಿಗೆ ಇದ್ದರೆ ಸಾಕು. ಅಂಥವರು ಬೇರೆ ಫೈಲ್ ಮಾಡಿದರೆ 2,200 ಯಾರಿಗೂ ಇಲ್ಲದೆ ಹೋಗುತ್ತದೆ. ಅಲ್ಲಿ 8332 ಕೊಟ್ಟು, ಆ ಹಣ ಮಗುವಿನ ಖರ್ಚಿಗೆ ಬರುವಂತೆ ಅಗ್ರಿಮೆಂಟ್‌ನಲ್ಲಿ ಬರೆಸುವುದೇ ಜಾಣತನ.

ಮೇಲಿನ ಲೆಕ್ಕಗಳನ್ನು ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್‌ನವರು ಹಾಗೇ ಎತ್ತಿಕೊಳ್ಳಬೇಡಿ. ಇವು ಕಮ್ಯುನಿಟಿ ಪ್ರಾಪರ್ಟಿ ರಾಜ್ಯಗಳು, ಸೆಪರೇಟ್ ಫೈಲ್ ಮಾಡಿದರೂ ಸಂಬಳವನ್ನು ಅರ್ಧರ್ಧ ಹಂಚಿ ಫಾರ್ಮ್ 8958 ಹಾಕಬೇಕಾಗಬಹುದು.

ಹಾಸನದ_ಹುಡುಗ:

ಇದೇ ಸಾಲಿನಲ್ಲಿ ಒಂದು ಪ್ರಶ್ನೆ. ಗಂಡ ಅಮೆರಿಕದಲ್ಲಿ, ಹೆಂಡತಿ ಎರಡು ವರ್ಷದಿಂದ ಬೆಂಗಳೂರಿನಲ್ಲಿ. ಮಗು ಅಮೆರಿಕದ ಸಿಟಿಜನ್, ಐದು ವರ್ಷ, ತಾಯಿ ಜೊತೆ. ಖರ್ಚೆಲ್ಲ ಗಂಡ ಕಳಿಸುವುದು. ಕ್ರೆಡಿಟ್ ಸಿಗುತ್ತದಾ?

ಶಾರ್ಲಟ್_ಇಎ:

ಮಗು ಅವರ ಜೊತೆ ಅರ್ಧ ವರ್ಷ ಇರಲಿಲ್ಲ, ಆದ್ದರಿಂದ ಹೆಡ್ ಆಫ್ ಹೌಸ್‌ಹೋಲ್ಡ್ ಇಲ್ಲ, ನೇರವಾಗಿ 2,200 ಕೂಡ ಇಲ್ಲ. ಮಗು ಸಿಟಿಜನ್ ಆದ್ದರಿಂದ ಮೂರು ದಾರಿ ಉಳಿದಿವೆ.

ತಾಯಿ 8332 ಸಹಿ ಮಾಡಿ ಕಳಿಸಿದರೆ, ವರ್ಷದ ಕೊನೆಯ ಆರು ತಿಂಗಳು ಬೇರೆ ಬೇರೆ ಇದ್ದದ್ದರಿಂದ ತಂದೆ ಸೆಪರೇಟ್ ರಿಟರ್ನ್‌ನಲ್ಲೇ 2,200 ಕೇಳಬಹುದು. ಸಹಿ ಸಿಗದಿದ್ದರೆ, ತಾಯಿಗೆ ಅಮೆರಿಕದ ಆದಾಯ ಏನೂ ಇಲ್ಲ, ರಿಟರ್ನ್ ಹಾಕುವ ಅಗತ್ಯವೂ ಇಲ್ಲ, ಮಗುವಿನ ಖರ್ಚಿನ ಅರ್ಧಕ್ಕಿಂತ ಹೆಚ್ಚು ತಂದೆಯದು, ಮಗುವಿನ ಸ್ವಂತ ಆದಾಯ 5,200ಕ್ಕಿಂತ ಕಡಿಮೆ ಎಂದಾದರೆ ಕ್ವಾಲಿಫೈಯಿಂಗ್ ರಿಲೇಟಿವ್ ಎಂದು 500. ಹಣ ಕಳಿಸಿದ ಬ್ಯಾಂಕ್ ದಾಖಲೆ, ಶಾಲೆ ಫೀಸಿನ ರಸೀದಿ ಜೋಡಿಸಿಟ್ಟುಕೊಳ್ಳಿ. ಮೂರನೆಯದು, ಹೆಂಡತಿಯನ್ನು ತೆರಿಗೆಯ ಮಟ್ಟಿಗೆ ರೆಸಿಡೆಂಟ್ ಎಂದು ಇಬ್ಬರೂ ಸಹಿ ಮಾಡಿದ ಹೇಳಿಕೆ ಲಗತ್ತಿಸಿ ಜಾಯಿಂಟ್ ಮಾಡುವುದು. ಆಗ ಆಕೆಯ ಬೆಂಗಳೂರಿನ ಸಂಬಳ, ಎಫ್‌ಡಿ ಬಡ್ಡಿ, ಮನೆ ಬಾಡಿಗೆ ಎಲ್ಲ ಅಮೆರಿಕ ರಿಟರ್ನ್‌ಗೆ ಬರುತ್ತವೆ. ಬೇರೆಯಾಗಿರುವವರು ಇದಕ್ಕೆ ಒಪ್ಪುವುದು ಅಪರೂಪ.

ಕ್ಯಾರಿ_ಅಕ್ಕ:

ಕೊನೇ ಪ್ರಶ್ನೆ. ತಂಗಿಗಿಂತ ಮುಂಚೆ ಅವರು ಇಬ್ಬರು ಮಕ್ಕಳನ್ನೂ ಹಾಕಿ ಇ-ಫೈಲ್ ಮಾಡಿಬಿಟ್ಟರೆ?

ಲೆಕ್ಕದ_ಮೇಷ್ಟ್ರು:

ಮೊದಲು ಹಾಕಿದವರಿಗೆ ಹಕ್ಕು ಬರುವುದಿಲ್ಲ. ತಂಗಿಯ ಇ-ಫೈಲ್ ಆರ್0000-507-01 ಎಂಬ ಕೋಡ್‌ನೊಂದಿಗೆ ರಿಜೆಕ್ಟ್ ಆಗುತ್ತದೆ. ಮಗುವಿನ ನಂಬರ್ ಆಗಲೇ ಇನ್ನೊಂದು ರಿಟರ್ನ್‌ನಲ್ಲಿದೆ ಎಂದು ಅರ್ಥ. ಗಾಬರಿಯಾಗಿ ಮಗುವಿನ ಹೆಸರು ತೆಗೆದು ಮತ್ತೆ ಕಳಿಸಬೇಡಿ, ಬಹಳ ಜನ ಮಾಡುವುದು ಅದನ್ನೇ. ಐಆರ್‌ಎಸ್ ವೆಬ್‌ಸೈಟ್‌ನಲ್ಲಿ ತಂಗಿಯ ಹೆಸರಿಗೆ ಐಪಿ ಪಿನ್ (ಗುರುತು ಖಾತ್ರಿಪಡಿಸುವ ಗುಪ್ತ ಸಂಖ್ಯೆ) ತೆಗೆದುಕೊಂಡು, ಆ ಆರು ಅಂಕಿ ಸೇರಿಸಿ ಅದೇ ರಿಟರ್ನ್ ಮತ್ತೆ ಇ-ಫೈಲ್ ಮಾಡಿ. 2025ರ ಫೈಲಿಂಗ್ ಸೀಸನ್‌ನಿಂದ ಪಿನ್ ಇದ್ದರೆ ಎರಡನೇ ರಿಟರ್ನ್ ಕೂಡ ಸ್ವೀಕರಿಸುತ್ತಾರೆ. ಪಿನ್ ಸಿಗದಿದ್ದರೆ ಪ್ರಿಂಟ್ ತೆಗೆದು ಅಂಚೆಗೆ ಹಾಕಿ.

ತಿಂಗಳುಗಳ ನಂತರ ಇಬ್ಬರಿಗೂ ಸಿಪಿ87ಎ ನೋಟಿಸ್ ಬರಬಹುದು. ತಪ್ಪು ಮಾಡಿದವರು ತಿದ್ದಿಕೊಳ್ಳಿ ಎಂದಷ್ಟೇ ಅದರಲ್ಲಿ ಇರುತ್ತದೆ. ತಂಗಿ ಏನೂ ತಿದ್ದಬೇಕಾಗಿಲ್ಲ. ಆಡಿಟ್ ಬಂದರೆ ಫಾರ್ಮ್ 886-ಎಚ್-ಡಿಇಪಿ ಕೇಳುವ ದಾಖಲೆ ಕಳಿಸಬೇಕು: ಮಕ್ಕಳ ಹೆಸರು, ತಾಯಿಯ ವಿಳಾಸ, 2025ರ ತಾರೀಕುಗಳು ಮೂರೂ ಒಂದೇ ಹಾಳೆಯಲ್ಲಿರುವ ಶಾಲೆಯ ಪತ್ರ, ಮಕ್ಕಳ ಡಾಕ್ಟರ ಪತ್ರ, ಡೇಕೇರ್ ಪತ್ರ. ನೆಂಟರು ಬರೆದುಕೊಟ್ಟದ್ದಕ್ಕೆ ಅಷ್ಟು ಬೆಲೆ ಇಲ್ಲ. ಶಾಲೆಯ ದಾಖಲೆಯಲ್ಲಿ ಇನ್ನೂ ಅಪ್ಪನ ವಿಳಾಸವೋ ಹಳೇ ವಿಳಾಸವೋ ಇದ್ದರೆ ಈ ವಾರವೇ ಬದಲಾಯಿಸಿ. ಯಾವ ರಾತ್ರಿ ಮಕ್ಕಳು ಎಲ್ಲಿ ಮಲಗಿದರು ಎಂದು ಫೋನ್ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತಾ ಹೋಗಲಿ.

ಡಬ್ಲ್ಯು-4ನ್ನೂ (ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿಯಬೇಕೆಂದು ಕಂಪನಿಗೆ ಕೊಡುವ ಫಾರ್ಮ್) ಮರೆಯಬೇಡಿ. ಮೂರನೇ ಹಂತದಲ್ಲಿ ಇಬ್ಬರೂ ಅದೇ ಮಕ್ಕಳನ್ನು ಬರೆದಿದ್ದರೆ ಇಬ್ಬರ ಸಂಬಳದಲ್ಲೂ ತೆರಿಗೆ ಕಡಿಮೆ ಹಿಡಿದಿರುತ್ತಾರೆ, ಏಪ್ರಿಲ್‌ನಲ್ಲಿ ಒಬ್ಬರಿಗೆ 2,700ರವರೆಗೆ ಬಾಕಿ ಬೀಳಬಹುದು.